ಪಾರಮ್ಮನ ಹನ್ನೊಂದನೇ ತಿಂಗಳು

"ಟೇಪು ಕಣ್ಣು ಸಾಲದೋರಿಗೆ ಬೇಕು. ನನಗ್ಯಾಕ?"

ಹೀಗೆ ಹೇಳಿಕೊಂಡೇ ಕುರುಗೋಡಿನ ಪಾರಮ್ಮ ಬಳ್ಳಾರಿಯ ಜೀನ್ಸ್ ಕಾರ್ಖಾನೆಯೊಂದರಲ್ಲಿ ಒಂಬತ್ತು ವರ್ಷ ಪ್ಯಾಂಟುಗಳಿಗೆ ಸೊಂಟಪಟ್ಟಿ ಹೊಲಿದಳು. ಅವಳು ಹೊಲಿದ ಪಟ್ಟಿಗಳನ್ನೆಲ್ಲ ಒಂದಕ್ಕೊಂದು ಗಂಟು ಹಾಕಿದ್ದರೆ ಕುರುಗೋಡಿನ ಗುಡ್ಡಕ್ಕೆ ಏಳು ಸುತ್ತು ಬಂದು, ಮಿಕ್ಕ ತುಂಡಿನಲ್ಲಿ ತುಂಗಭದ್ರೆಗೂ ಒಂದು ನಡುಪಟ್ಟಿ ಆಗುತ್ತಿತ್ತು. ಬಾಗಿಲಲ್ಲಿ ಯಾರಾದರೂ ಚಪ್ಪಲಿ ಬಿಡುವಷ್ಟರಲ್ಲಿ ಅವಳು ಮಿಷನ್ನಿನಿಂದ ತಲೆ ಎತ್ತದೆ ಹೇಳಿಬಿಡುತ್ತಿದ್ದಳು: ಮೂವತ್ನಾಲ್ಕು, ಉಂಡ ಮೇಲೆ ಮೂವತ್ತೈದು. ಒಮ್ಮೆ ಮುಂಬಯಿಯಿಂದ ಬಂದ ವ್ಯಾಪಾರಿಯೊಬ್ಬ ಇವಳನ್ನು ಪರೀಕ್ಷಿಸಲೆಂದು ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಂಡು ನಿಂತ. ಪಾರಮ್ಮ, "ಈಗ ಮೂವತ್ತಾರು, ಉಸಿರು ಬಿಟ್ಟ ಮ್ಯಾಲ ಮೂವತ್ತೊಂಬತ್ತು" ಅಂದಳು. ಮನುಷ್ಯ ನಗಲು ಹೋಗಿ ಉಸಿರು ಬಿಟ್ಟ, ಗುಂಡಿ ಕಿತ್ತು ಪಕ್ಕದ ಮಿಷನ್ನಿನ ಜ್ಯೋತಿಯ ಟೀ ಲೋಟದಲ್ಲಿ ಬಿತ್ತು. ಇನ್ನೊಮ್ಮೆ ಹುಡುಗರು ಕಾರ್ಖಾನೆಯ ಎದುರು ನಿಂತ ಎಮ್ಮೆಯನ್ನು ತೋರಿಸಿದರು. ಪಾರಮ್ಮ ಅದಕ್ಕೂ ಅಳತೆ ಕೊಟ್ಟಳು. ಟೇಪು ಹಿಡಿದು ನೋಡಿದರೆ ಅರ್ಧ ಇಂಚು ಹೆಚ್ಚು ಬಂತು. ಅದು ತನ್ನ ತಪ್ಪಲ್ಲ, ಎಮ್ಮೆ ಮೆಲುಕು ಹಾಕುವುದನ್ನು ನಿಲ್ಲಿಸಿಲ್ಲ ಎಂದು ಅವಳ ವಾದ. ಎಮ್ಮೆ ನಿಲ್ಲಿಸಿದ ಮೇಲೆ ಅಳೆದರು, ಸರಿಯಿತ್ತು.

ಅಂಥ ಕಣ್ಣು ಒಂದೇ ಒಂದು ಸೊಂಟದ ಮುಂದೆ ಸೋತಿತು.

ಪಾರಮ್ಮನ ತವರು ಸಿರಿಗೇರಿ. ಗಂಡ ಹುಲುಗೇಶ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಮಿಷನ್ ನೋಡಿಕೊಳ್ಳುತ್ತಾನೆ, ವಾರಕ್ಕೊಮ್ಮೆ ಊರಿಗೆ ಬರುತ್ತಾನೆ. ಅವನ ಅಂಗಿಯಿಂದ ಉದುರುವ ತೌಡು ಎಷ್ಟೆಂದರೆ ಬಸ್ ಸ್ಟ್ಯಾಂಡಿನಿಂದ ಮನೆಯವರೆಗೆ ಕೋಳಿಗಳು ಮೆರವಣಿಗೆಯಂತೆ ಹಿಂದೆ ಬರುತ್ತವೆ. ಮಾತು ಕಡಿಮೆ. ಮದುವೆಯಾಗಿ ಆರನೇ ವರ್ಷ ಹೆಂಡತಿ ಬಸುರಾದಾಗ ಅವನು ಆಡಿದ್ದು ಎರಡೇ ಮಾತು, ಆದರೆ ಆ ಭಾನುವಾರ ಅರ್ಧ ಮೂಟೆ ಸೋನಾಮಸೂರಿ ಹೊತ್ತು ತಂದ. ಹುಟ್ಟದ ಕೂಸಿಗೆ ಅನ್ನವೇ ಎಂದು ಓಣಿಯೆಲ್ಲ ನಕ್ಕಿತು.

ಎಂಟನೇ ತಿಂಗಳಲ್ಲಿ, ಮಿಷನ್ನಿನ ಮುಂದೆ ಕುಳಿತಿದ್ದಾಗಲೇ ನೀರು ಹೋಯಿತು. ಬಳ್ಳಾರಿಯಲ್ಲೇ ಆಸ್ಪತ್ರೆಗೆ ಒಯ್ದರು. ಹೆಣ್ಣು ಕೂಸು. ಹುಟ್ಟಿದೊಡನೆ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದರು. ಡಾಕ್ಟರರು ಮಾಡಬೇಕಾದ್ದನ್ನೆಲ್ಲ ಮಾಡಿದರು, ನರ್ಸುಗಳು ಕಣ್ಣು ಮುಚ್ಚಲಿಲ್ಲ. ಪಾರಮ್ಮ ದಿನಕ್ಕೆರಡು ಸಲ ಗೋಡೆ ಹಿಡಿದು ನಡೆದುಹೋಗಿ ಗಾಜಿನ ಆಚೆಯಿಂದ ನೋಡುತ್ತಿದ್ದಳು. ಕಣ್ಣಿನ ಚಾಳಿ ಬಿಡುತ್ತದೆಯೇ? ಒಂಬತ್ತೂವರೆ ಇಂಚು. ಒಂಬತ್ತು ವರ್ಷದಲ್ಲಿ ಅವಳು ಕಂಡ ಎಲ್ಲಕ್ಕಿಂತ ಸಣ್ಣ ಸೊಂಟ. ಮೂರನೇ ದಿನ ಒಂಬತ್ತೂವರೆಗೆ ಒಂದು ನೂಲು ಹೆಚ್ಚು ಕಂಡಿತು. ಕೂಸು ಬೆಳೀತೈತಿ ಎಂದು ನರ್ಸಿಗೆ ಹೇಳಿದಳು. ಆರನೇ ದಿನ ಅದೇ ನೂಲು ಕಡಿಮೆಯಾಯಿತು, ಆಗ ಯಾರಿಗೂ ಹೇಳಲಿಲ್ಲ. ಒಂಬತ್ತನೇ ದಿನ ಅಳೆಯಲು ಏನೂ ಉಳಿಯಲಿಲ್ಲ. ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ ಇನ್ನೂ ಮುಂದಿತ್ತು.

ಚೊಚ್ಚಲ ಹೆರಿಗೆಯ ಹೆಂಗಸು ತವರಿಗೆ ಹೋಗುತ್ತಾಳೆ. ಅಲ್ಲಿ ಬೆಚ್ಚಗಿನ ಕೋಣೆ, ಎಣ್ಣೆ, ಬಿಸಿನೀರು, ಕೊಬ್ಬರಿ, ಉತ್ತತ್ತಿ, ಮೆಂತ್ಯ. ದಿನಾ ಎರೆದು ಮುಗಿಸಿದ ಮೇಲೆ ಹಳೆಯ ಸೀರೆಯ ಪಟ್ಟಿಯಿಂದ ಹೊಟ್ಟೆಯನ್ನು ಬಿಗಿದು ಕಟ್ಟುತ್ತಾರೆ. ಕಟ್ಟದಿದ್ದರೆ ಹೊಟ್ಟೆ ಹಾಗೇ ನಿಂತುಬಿಡುತ್ತದೆಂದು ಹಿರಿಯರ ನಂಬಿಕೆ. ಪಾರಮ್ಮನ ಅತ್ತೆ ದುರುಗಮ್ಮ ಐದನೇ ತಿಂಗಳಲ್ಲೇ ತನ್ನ ನಾಲ್ಕು ಮೆತ್ತನೆಯ ಸೀರೆ ಹರಿದು, ಪಟ್ಟಿ ಮಾಡಿ, ಒಗೆದು, ಒಣಗಿಸಿ, ಬೀಗರ ಮನೆಗೆ ಕಳಿಸಲೆಂದು ಟ್ರಂಕಿನಲ್ಲಿ ಮಡಚಿಟ್ಟಿದ್ದಳು. ಆದರೆ ಇದೆಲ್ಲ ಬಾಣಂತಿಗೆ. ಮಡಿಲಲ್ಲಿ ಕೂಸಿಲ್ಲದವಳನ್ನು ಏನೆಂದು ಕರೆಯಬೇಕೆಂದು ಯಾರಿಗೂ ತಿಳಿಯಲಿಲ್ಲ. ತವರಿಗೆ ಕಳಿಸಲಿಲ್ಲ, ಕೊಬ್ಬರಿ ಕುಟ್ಟಲಿಲ್ಲ, ಹೊಟ್ಟೆ ಕಟ್ಟಲಿಲ್ಲ. ಬಂದವರು ಬಾಗಿಲಲ್ಲಿ ನಿಂತು ನೆಲ ನೋಡಿ ಹೋದರು. ಅವಳ ಮೈಗೆ ಮಾತ್ರ ಸುದ್ದಿ ಮುಟ್ಟಿರಲಿಲ್ಲ. ಹಾಲು ಬರುತ್ತಲೇ ಇತ್ತು. ಎರಡು ತಿಂಗಳು ಕಳೆದು ಕೆಲಸಕ್ಕೆ ಹೊರಟ ದಿನವೂ ರವಿಕೆಯೊಳಗೆ ಬಟ್ಟೆ ಮಡಚಿಟ್ಟುಕೊಂಡೇ ಹೊರಟಳು.

ಆ ದಿನವೇ ಬಸ್ಸಿನ ಪ್ರಸಂಗ ನಡೆದದ್ದು.

ಕುರುಗೋಡಿನಿಂದ ಬಳ್ಳಾರಿಗೆ ಬೆಳಗಿನ ಬಸ್ಸಿಗೆ ಹೊಸ ಕಂಡಕ್ಟರ್ ಬಂದಿದ್ದ. ಹೆಸರು ಮಾರೆಣ್ಣ. ಅವನ ಗಂಟಲು ಎಂಥದೆಂದರೆ ಅವನು ಕುರುಗೋಡಿನಲ್ಲಿ "ರೈಟ್" ಅಂದರೆ ಹಲಕುಂದಿಯಲ್ಲಿ ನಿಂತ ಬಸ್ಸು ಹೊರಡುತ್ತಿತ್ತು. ಬಸ್ಸು ಕಿಕ್ಕಿರಿದಿತ್ತು. ಮಾರೆಣ್ಣ ಪಾರಮ್ಮನ ಹೊಟ್ಟೆ ನೋಡಿದ, ಡ್ರೈವರ್ ಹಿಂದಿನ ಸೀಟಿನಲ್ಲಿ ಕುಳಿತಿದ್ದ ಗಡ್ಡದವನನ್ನು ನೋಡಿದ. ಬಸುರಿ ಹೆಂಗಸು ನಿಂತಿದ್ದರೆ ಕುಳಿತುಕೊಳ್ಳಲು ನಿನಗೆ ಮನಸ್ಸು ಹೇಗೆ ಬರುತ್ತದಪ್ಪ ಎಂದು ಅವನನ್ನು ಎಬ್ಬಿಸಿದ. ಇಡೀ ಬಸ್ಸು ತಿರುಗಿ ನೋಡಿತು. ಪಾರಮ್ಮ ಬಾಯಿ ತೆರೆದಳು. ಆದರೆ ಅಷ್ಟು ಜನರ ನಡುವೆ ಏನೆಂದು ಹೇಳುವುದು? ಸುಮ್ಮನೆ ಕುಳಿತುಬಿಟ್ಟಳು. ಸೀಟಿನ ರೆಕ್ಸಿನ್ ಹರಿದು ಒಳಗಿನ ಸ್ಪ್ರಿಂಗು ಮೇಲೆ ಬಂದಿತ್ತು, ಒಳ್ಳೆಯ ಕಡೆಯಲ್ಲೇ ಚುಚ್ಚುತ್ತಿತ್ತು.

"ಎಷ್ಟ ತಿಂಗಳವ್ವಾ?" ಅಂದ ಮಾರೆಣ್ಣ.

ಪಾರಮ್ಮ ತಲೆ ಬಗ್ಗಿಸಿ ತನ್ನ ಹೊಟ್ಟೆಯನ್ನೇ ನೋಡಿಕೊಂಡು ಬಾಯಿಗೆ ಬಂದದ್ದನ್ನು ಹೇಳಿದಳು. "ಆರು" ಅಂದಳು.

ಮಾರೆಣ್ಣ ಹೆಂಗಸರಿಗೆ ಕೊಡುವ ಸೊನ್ನೆ ರೂಪಾಯಿಯ ಟಿಕೆಟ್ ತೆಗೆದ. "ಇಬ್ರು ಅದೀರಿ. ಸೊನ್ನಿಗೆ ಸೊನ್ನಿ ಕೂಡಿಸಿದ್ರೂ ಸೊನ್ನೀನ. ಒಂದ ತಗೋ" ಅಂದು ತನ್ನ ಜೋಕಿಗೆ ತಾನೇ ನಕ್ಕ. ಆ ಜೋಕು ಅವನಿಗೆ ಎಷ್ಟು ಹಿಡಿಸಿತೆಂದರೆ ಮರುದಿನವೂ ಹೇಳಿದ, ಅದರ ಮರುದಿನವೂ ಹೇಳಿದ. ಪಾರಮ್ಮ ಹತ್ತುವುದೇ ತಡ, "ಇಬ್ರು ಬಂದ್ರು, ಜಾಗ ಬಿಡ್ರಿ" ಎಂದು ಮುಂದಿನ ಬಾಗಿಲಿನಿಂದ ಹಿಂದಿನವರೆಗೆ ಕೂಗುತ್ತಿದ್ದ.

ಒಮ್ಮೆ ಕುಳಿತ ಸೀಟಿನಿಂದ ಏಳುವುದು ಎಷ್ಟು ಕಷ್ಟವೆಂಬುದು ಕುರ್ಚಿ ಹಿಡಿದ ದೊಡ್ಡವರಿಗೆ ಮಾತ್ರ ಗೊತ್ತಿರುವ ಸಂಗತಿಯಲ್ಲ. ಕ್ಯಾಲೆಂಡರು ತಿರುಗಿತು. ಬಸ್ಸಿನಲ್ಲಿ ಪಾರಮ್ಮನಿಗೆ ಏಳು ತುಂಬಿತು, ಎಂಟು ತುಂಬಿತು. ಕೊಳಗಲ್ಲಿನ ಒಬ್ಬ ಮುದುಕಿ ಹುಣಸೆಹಣ್ಣಿಗೆ ಉಪ್ಪು ಖಾರ ಹಚ್ಚಿ ಎಲೆಯಲ್ಲಿ ಕಟ್ಟಿ ತಂದುಕೊಟ್ಟಳು. ಒಂಬತ್ತಾದಾಗ ಡ್ರೈವರ್ ಉಜ್ಜಿನಪ್ಪ, ಹುಟ್ಟಿದಾಗಿನಿಂದ ರಸ್ತೆಯ ಉಬ್ಬಿಗೆ ಮರ್ಯಾದೆ ಕೊಡದ ಮನುಷ್ಯ, ಬ್ರೇಕು ಹಿಡಿಯಲು ಕಲಿತ. ಪ್ರತಿ ಉಬ್ಬನ್ನೂ ಹಾಲಿನ ಕೊಡ ಹೊತ್ತವನಂತೆ ಇಳಿಸುತ್ತಿದ್ದ. ಬಸ್ಸು ಅರ್ಧ ಗಂಟೆ ತಡವಾಗತೊಡಗಿತು, ಯಾರೂ ದೂರಲಿಲ್ಲ. ಮಾರೆಣ್ಣ ತನ್ನ ಚೀಲದಲ್ಲಿ ಹೊಸ ಟವೆಲ್ಲು, ಬಿಸಿನೀರಿನಲ್ಲಿ ಕುದಿಸಿದ ಒಂದು ಕತ್ತರಿ ಇಟ್ಟುಕೊಂಡ. ಹತ್ತು ತುಂಬಿತು. ಜನ ಪರಸ್ಪರ ಮುಖ ನೋಡಿಕೊಳ್ಳತೊಡಗಿದರು. ಹರಳೆಣ್ಣೆ ಕುಡಿಸಿರಿ ಎಂದರು ಕೆಲವರು, ಲೆಕ್ಕ ತಪ್ಪಿರಬೇಕು ಎಂದರು ಕೆಲವರು. ದೊಡ್ಡ ಮನುಷ್ಯ ಹುಟ್ಟುವ ಲಕ್ಷಣ, ಅದಕ್ಕೇ ಪುರುಸೊತ್ತು ಮಾಡಿಕೊಂಡು ಬರುತ್ತಿದ್ದಾನೆ ಎಂದ ಮಾರೆಣ್ಣ.

ಹತ್ತು ನಿಮಿಷ ಬಿಟ್ಟರೆ ಪಾರಮ್ಮ ಮೊದಲೆಲ್ಲ ಹತ್ತುತ್ತಿದ್ದ ಇನ್ನೊಂದು ಬಸ್ಸಿತ್ತು. ಅದಕ್ಕೇಕೆ ಹತ್ತುವುದಿಲ್ಲ ಎಂದು ಜೊತೆಯಲ್ಲಿ ಕೆಲಸ ಮಾಡುವ ಜ್ಯೋತಿ ಕೇಳಿದರೆ, ಅದರಲ್ಲಿ ಧೂಳು ಹೆಚ್ಚು ಅಂದಳು ಪಾರಮ್ಮ. ಧೂಳು ಇದರಲ್ಲೂ ಇತ್ತು.

ಹನ್ನೊಂದನೇ ತಿಂಗಳು ಬಿದ್ದ ದಿನ ಪಾರಮ್ಮ ಹೆದರಿದಳು. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಜ್ಯೋತಿಗೆ ಬಸ್ಸಿನ ಕಥೆ ಎಲ್ಲ ಹೇಳಿದಳು. ಜ್ಯೋತಿ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟಳು. ಆಮೇಲೆ ಫೋನು ತೆಗೆದು ತೋರಿಸಿದಳು. ರಾಯಲ್ ಸರ್ಕಲ್ಲಿನ ಆಚೆ, ಮೂರನೇ ಮಹಡಿಯಲ್ಲಿ ಒಂದು ಕ್ಲಿನಿಕ್ಕು. ಹೆರಿಗೆಯ ನಂತರದ ಹೊಟ್ಟೆಯನ್ನು ಮಿಷನ್ನಿನಿಂದ ಇಳಿಸುತ್ತಾರಂತೆ. ಕೊಬ್ಬನ್ನು ಹೆಪ್ಪುಗಟ್ಟಿಸಿ ಕರಗಿಸುವುದಂತೆ, ಬೆಳಕು ಬಿಟ್ಟು ಕರಗಿಸುವುದಂತೆ, ಅದಕ್ಕೂ ಬಗ್ಗದಿದ್ದರೆ ಆಪರೇಷನ್ನಂತೆ. ಎಡಗಡೆ ಒಂದು ಹೊಟ್ಟೆ, ಬಲಗಡೆ ಅದೇ ಹೊಟ್ಟೆ ಹಲಗೆಯಂತೆ. ಪಾರಮ್ಮ ಫೋಟೊ ನೋಡಿ, ಎರಡೂ ಒಂದೇ ಹೆಂಗಸಿನದಲ್ಲ, ಹೊಕ್ಕುಳ ಬೇರೆ ಅಂದಳು. ಆದರೂ ಫೋನು ವಾಪಸ್ಸು ಕೊಡಲಿಲ್ಲ.

ಅವಳ ಲೆಕ್ಕ ಹೀಗಿತ್ತು. ನಾಲ್ಕು ದಿನ ರಜೆ ಹಾಕಿ ಹೊಟ್ಟೆ ಇಳಿಸಿಕೊಂಡು ಬಸ್ಸು ಹತ್ತಿದರೆ ಹೆರಿಗೆಯಾಯಿತೆಂದು ಅವರೇ ತಿಳಿದುಕೊಳ್ಳುತ್ತಾರೆ. ಕೂಸೆಲ್ಲಿ ಎಂದರೆ ಸಿರಿಗೇರಿಯಲ್ಲಿ ನಮ್ಮವ್ವನ ಹತ್ತಿರ ಐತಿ ಅನ್ನುವುದು. ಹೆಣ್ಣು ಎನ್ನುವುದು. ಆಮೇಲೆ ಮಗುಚಿತು ಎನ್ನಬಹುದು, ಅಂಬೆಗಾಲಿಟ್ಟಿತು ಎನ್ನಬಹುದು, ಹಲ್ಲು ಬಂತು, ಅಂಗನವಾಡಿಗೆ ಹಾಕಿದೆವು ಎನ್ನಬಹುದು. ಮಾರೆಣ್ಣನಿಗೆ ಬೇರೆ ರೂಟಿಗೆ ವರ್ಗವಾಗದಿದ್ದರೆ ಕೂಸನ್ನು ಎಸ್ಸೆಸ್ಸೆಲ್ಸಿಯವರೆಗೂ ಓದಿಸಬಹುದು. ಕಿವಿಯೋಲೆ ಮಾರಿಯಾದರೂ ಸರಿ ಎಂದು ಶನಿವಾರ ಮಧ್ಯಾಹ್ನ ಮೂರು ಮಹಡಿ ಹತ್ತಿದಳು.

ಒಳಗೆ ಏಸಿ ಎಷ್ಟು ತಣ್ಣಗಿತ್ತೆಂದರೆ ಬಳ್ಳಾರಿಯ ಬಿಸಿಲು ಮೆಟ್ಟಿಲವರೆಗೆ ಬಂದು, ಶೀತವಾದೀತೆಂದು ಹೆದರಿ ವಾಪಸ್ಸು ಹೋಗುತ್ತಿತ್ತು. ಡಾಕ್ಟರಮ್ಮ ನಡುವಯಸ್ಸಿನವರು, ಗಡಿಬಿಡಿ ಇಲ್ಲದವರು. ನರ್ಸು ಟೇಪು ತೆಗೆದಾಗ ಪಾರಮ್ಮನ ಹಳೆಯ ಜಂಬ ತಲೆ ಎತ್ತಿತು.

"ಟೇಪು ಬ್ಯಾಡ್ರಿ. ನಲವತ್ತೆರಡು ಐತಿ. ಬರ್ಕೋರಿ."

ನರ್ಸು ನಕ್ಕು ಆದರೂ ಅಳೆದಳು. ಮೂವತ್ತಾರು.

ಪಾರಮ್ಮ ಟೇಪು ತಪ್ಪಿದೆಯೆಂದಳು. ಇನ್ನೊಮ್ಮೆ ಅಳೆದರು. ಟೇಪು ಕೈಗೆ ಇಸಿದುಕೊಂಡು ತಾನೇ ಅಳೆದಳು. ಮೂವತ್ತಾರು. ಎಮ್ಮೆಯ ಮುಂದೆ ತಪ್ಪದ ಕಣ್ಣು ಇಲ್ಲಿ ಆರು ಇಂಚು ತಪ್ಪಿತ್ತು. ಎಂಟನೇ ತಿಂಗಳಲ್ಲಿ ಕಾರ್ಖಾನೆಯ ಟೇಪಿನಲ್ಲಿ ತಮಾಷೆಗೆ ಅಳೆದಾಗ ಬಂದದ್ದು ನಲವತ್ತೆರಡು. ಆಮೇಲೆ ಇಷ್ಟು ದಿನವೂ ಕನ್ನಡಿಯಲ್ಲಿ ಅವಳು ನೋಡುತ್ತಿದ್ದದ್ದು ಅದನ್ನೇ.

ಡಾಕ್ಟರಮ್ಮ ಹಾಳೆಯ ಮೇಲೆ ಬರೆಯುತ್ತ ಕೇಳಿದರು, "ಮಗುವಿಗೆ ಎಷ್ಟು ತಿಂಗಳು? ಹಾಲು ಕುಡಿಸ್ತಿದ್ದರೆ ಈಗ ಮಾಡೋದು ಬೇಡ."

ಬಾಯಿಗೆ ಹನ್ನೊಂದು ಎಂದು ಬಂತು. ಪಾರಮ್ಮ ಅದನ್ನು ನುಂಗಿದಳು.

"ಇದ್ದಿದ್ರ ಏಳ್ರಿ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಆಮೇಲೆ ಮಲಗಿಸಿ, ತಲೆ ಎತ್ತಲು ಹೇಳಿ, ಹೊಕ್ಕುಳ ಮೇಲೆ ಬೆರಳಿಟ್ಟು ನೋಡಿದರು. ಇದು ಕೊಬ್ಬಲ್ಲ ಎಂದರು. ಕೂಸಿಗೆ ಜಾಗ ಮಾಡಿಕೊಡಲು ಹೊಟ್ಟೆಯ ನಡುವಿನ ಸ್ನಾಯುಗಳು ಎರಡು ಕಡೆ ಸರಿದು ನಿಂತಿರುತ್ತವೆ. ನಿಮ್ಮವು ಇನ್ನೂ ಕೂಡಿಲ್ಲ. ಮಿಷನ್ನು ಕೊಬ್ಬನ್ನು ಕರಗಿಸುತ್ತದೆ, ಬಾಗಿಲನ್ನು ಮುಚ್ಚುವುದಿಲ್ಲ. ವ್ಯಾಯಾಮ ಹೇಳಿಕೊಡಿಸುತ್ತೇನೆ, ತಿಂಗಳುಗಟ್ಟಲೆ ಮಾಡಬೇಕು. ಆಪರೇಷನ್ನಿನ ಮಾತು ಇನ್ನು ಮಕ್ಕಳು ಬೇಡ ಅಂದಮೇಲೆ. ಹೀಗೆ ಹೇಳಿ, ಮನೆಯಲ್ಲಿ ಹೊಟ್ಟೆ ಕಟ್ಟಿದ್ದರಾ ಎಂದು ಸುಮ್ಮನೆ ಕೇಳಿದರು. ಅದರಿಂದ ಎಲ್ಲ ಸರಿಹೋಗುತ್ತದೆಂದಲ್ಲ, ನಡುವಿಗೆ ಒಂದು ಆಸರೆ ಅಷ್ಟೆ.

ಅವರು ಹೇಳಿದ್ದರಲ್ಲಿ ಪಾರಮ್ಮನಿಗೆ ಒಂದೇ ನೆನಪುಳಿಯಿತು. ಬಾಗಿಲು ಇನ್ನೂ ತೆರೆದೇ ಇದೆ, ಒಳಗೆ ಯಾರೂ ಇಲ್ಲ.

ಸಂಜೆ ಮನೆಗೆ ಬಂದು ಅತ್ತೆಯ ಮುಂದೆ ಕುಳಿತಳು. ಎಲ್ಲಿಗೆ ಹೋಗಿದ್ದೆ ಎಂಬುದನ್ನು ಮುಚ್ಚಿಡಲಿಲ್ಲ. ಹೊಟ್ಟೆ ಕಟ್ಟಿದ್ದರಾ ಎಂದು ಡಾಕ್ಟರಮ್ಮ ಕೇಳಿದ್ದನ್ನೂ ಹೇಳಿದಳು. ದುರುಗಮ್ಮ ಜೋಳ ಹಸನು ಮಾಡುತ್ತಿದ್ದಳು. ಅವಳ ಬಾಯಿ ಓಣಿಗೆಲ್ಲ ಹೆಸರುವಾಸಿ, ಅವಳು ಬೈಯಲು ಶುರುಮಾಡಿದರೆ ಕಾಗೆಗಳು ಕೂಗುವುದನ್ನು ಬಿಟ್ಟು ಕಲಿಯಲು ಕೂರುತ್ತವೆ. ಆ ದಿನ ಮೊರವನ್ನು ಕೆಳಗಿಟ್ಟಳು, ಅಷ್ಟೆ. ಒಳಗೆ ಹೋಗಿ ಟ್ರಂಕು ತೆಗೆದಳು. ಪಟ್ಟಿಗಳು ಹಾಗೇ ಇದ್ದವು, ಮಡಿಕೆ ಮುರಿಯದೆ.

"ಕಟ್ಟಬೇಕಂತ ದಿನಾ ಟ್ರಂಕು ತಗದೀನಿ" ಅಂದಳು ದುರುಗಮ್ಮ. "ಕೂಸ ಇಲ್ಲ, ಏನಂತ ಕಟ್ಟಲಿ ಅಂತ ಕೈ ಬರಲಿಲ್ಲವ್ವಾ. ನಿಲ್ಲು."

ಪಾರಮ್ಮ ಕೈ ಎತ್ತಿ ನಿಂತಳು. ದುರುಗಮ್ಮ ಸುತ್ತಿದಳು, ಮೊಣಕಾಲು ಗೋಡೆಗೆ ಕೊಟ್ಟು ಎಳೆದಳು. ಎಳೆತ ಎಷ್ಟು ಬಲವಾಗಿತ್ತೆಂದರೆ ಹೋದ ದೀಪಾವಳಿಗೆ ಉಂಡ ಹೋಳಿಗೆ ಗಂಟಲಿಗೆ ಬಂದು ಮಾತಾಡಿಸಿ ಹೋಯಿತು. ಆಗ ಪಕ್ಕದ ಮನೆಯ ಮಂಜಮ್ಮ ಹೆಪ್ಪಿಗೆಂದು ಬಂದವಳು ಬಾಗಿಲಲ್ಲೇ ನಿಂತು, ಇದೇನು ನಡೆಸಿದ್ದೀರಿ ಎಂದಳು.

ದುರುಗಮ್ಮ ತಿರುಗಿ ನೋಡಲಿಲ್ಲ. "ಬಾಣಂತಿಗೆ ಹೊಟ್ಟಿ ಕಟ್ಟಾಕತ್ತೀನಿ. ಗಾಳಿ ಬರ್ತೈತಿ, ಬಾಗಲಾ ಮುಂದಕ್ಕ ಮಾಡಿ ಹೋಗು."

ಏಳು ತಿಂಗಳಲ್ಲಿ ಆ ಹೆಸರಿನಿಂದ ಪಾರಮ್ಮನನ್ನು ಯಾರೂ ಕರೆದಿರಲಿಲ್ಲ. ಮಂಜಮ್ಮ ಹೋದಮೇಲೆ ಅತ್ತೆ ಸೊಸೆ ಇಬ್ಬರೂ ಗೋಡೆ ಕಡೆ ಮುಖ ಮಾಡಿ ಬಹಳ ಹೊತ್ತು ಅತ್ತರು. ಅಳುವಾಗ ಹೊಟ್ಟೆ ಉಬ್ಬಿ ಗಂಟು ಸಡಿಲಾಗಿ ಎರಡು ಸಲ ಮತ್ತೆ ಕಟ್ಟಬೇಕಾಯಿತು.

ಸೋಮವಾರ ಬೆಳಿಗ್ಗೆ ಪಾರಮ್ಮ ಪಟ್ಟಿ ಬಿಗಿದುಕೊಂಡೇ ಬಸ್ಸು ಹತ್ತಿದಳು. ಪಟ್ಟಿ ಕಟ್ಟಿದ ಹೊಟ್ಟೆ ಅರ್ಧ ಕಾಣುತ್ತಿತ್ತು, ಅರ್ಧ ಕಾಣುತ್ತಿರಲಿಲ್ಲ. ಮಾರೆಣ್ಣ "ಇಬ್ರು ಬಂದ್ರು" ಎಂದು ಕೂಗಲು ಬಾಯಿ ತೆರೆದವನು ಅಲ್ಲೇ ನಿಂತ. ಸೀಟು ಖಾಲಿ ಮಾಡಿಸಿದ. ಪಾರಮ್ಮ ಕೂರಲಿಲ್ಲ. ಕೊಳಗಲ್ಲಿನ ಮುದುಕಿಯನ್ನು ಕರೆದು ಆ ಸೀಟಿನಲ್ಲಿ ಕೂರಿಸಿ ತಾನು ಕಂಬಿ ಹಿಡಿದು ನಿಂತಳು. ಮಾರೆಣ್ಣನಿಗೆ ಮಾತ್ರ ಕೇಳುವಂತೆ ಹೇಳಿದಳು. ಹೆರಿಗೆಯಾಗಿ ಏಳು ತಿಂಗಳಾಯಿತು, ಹೆಣ್ಣು, ಒಂಬತ್ತು ದಿನ ಇತ್ತು. ನೀನು ಮೊದಲ ದಿನ ಸೀಟು ಕೊಟ್ಟಾಗಲೇ ಅದು ಇರಲಿಲ್ಲ.

ಅಂಥ ಗಂಟಲಿನ ಮನುಷ್ಯನ ಬಾಯಿಂದ ಎರಡು ಊರು ದಾಟುವವರೆಗೂ "ರೈಟ್" ಬರಲಿಲ್ಲ. ಉಜ್ಜಿನಪ್ಪ ಕನ್ನಡಿಯಲ್ಲಿ ನೋಡಿ ತಾನೇ ಅಂದಾಜಿನ ಮೇಲೆ ಬಸ್ಸು ಬಿಟ್ಟ. ಮಾರೆಣ್ಣ ಟಿಕೆಟ್ ಹರಿಯುತ್ತ ಹಿಂದಿನವರೆಗೆ ಹೋದ, ಮತ್ತೆ ಮುಂದೆ ಬಂದ. ಅವನ ಚೀಲದಲ್ಲಿ ಟವೆಲ್ಲು, ಕತ್ತರಿ ಹಾಗೇ ಇದ್ದವು. ಅವನಿಗೆ ಸಿಟ್ಟು ಬಂದಿತ್ತೋ ಅಳು ಬಂದಿತ್ತೋ ಅವನಿಗೇ ತಿಳಿಯಲಿಲ್ಲ.

"ಎರಡ ತಿಂಗಳ ಕತ್ತರಿ ಹೊತ್ಕೊಂಡ ತಿರಗೀನಿ ತಂಗಿ" ಅಂದ ಕೊನೆಗೆ. "ಮೊದಲನ ದಿನಾನ ಹೇಳಬೇಕಿಲ್ಲೇನು? ಒಂದ ಸೀಟಿನ ಸಲುವಾಗಿ ಸುಮ್ನ ಕುಂತ್ಯಾ?"

ಪಾರಮ್ಮ ತನ್ನ ಸೊನ್ನೆ ಟಿಕೆಟನ್ನು ಮಡಚಿ ಸೊಂಟದ ಪಟ್ಟಿಯೊಳಗೆ ಸಿಕ್ಕಿಸಿಕೊಂಡಳು.

"ನಿನ್ನ ಸೀಟ ಯಾರಿಗೆ ಬೇಕಾಗಿತ್ತಣ್ಣ, ದಿನಾ ಸ್ಪ್ರಿಂಗು ಚುಚ್ಚತಿತ್ತು. ಇಡೀ ಊರಾಗ ನನ್ನ ನೋಡಿ ಇಬ್ರು ಅಂತ ಎಣಿಸಾಂವ ನೀ ಒಬ್ಬನ ಇದ್ದಿ."